ಫ್ಲಾಪ್ ಆದ ಸಿನಿಮಾ ಐವತ್ತು ವರ್ಷ ಓಡಿತು!

ನಮ್ಮ ಊರುಗಳ ಸರ್ಕಲ್‌ಗಳಲ್ಲಿ ಯಾರ ಪ್ರತಿಮೆ ಇರುತ್ತೆ? ಕೆಂಪೇಗೌಡರದ್ದು ಇರುತ್ತೆ, ಅಂಬೇಡ್ಕರ್ ಅವರದ್ದು ಇರುತ್ತೆ, ಕುವೆಂಪು ಅವರದ್ದು, ಡಾ. ರಾಜ್ ಅವರದ್ದು ಇರುತ್ತೆ. ನ್ಯೂಜಿಲೆಂಡ್ ದೇಶದಲ್ಲಿ ಹ್ಯಾಮಿಲ್ಟನ್ ಅಂತ ಒಂದು ಊರಿದೆ. ಅದರ ಮುಖ್ಯರಸ್ತೆಯಲ್ಲೂ ಒಂದು ಪ್ರತಿಮೆ ಇದೆ. ಅದು ಯಾವ ರಾಜನದ್ದೂ ಅಲ್ಲ, ಯೋಧನದ್ದೂ ಅಲ್ಲ. ಬೇರೆ ಗ್ರಹದಿಂದ ಬಂದ ಒಬ್ಬ ಬಟ್ಲರ್‌ನ ಪ್ರತಿಮೆ! ಮೈಮೇಲೆ ಅನ್ಯಗ್ರಹದ ಉಡುಪು, ಕೈಯಲ್ಲಿ ತ್ರಿಶೂಲದಂಥ ಒಂದು ಗನ್. 'ಲಾರ್ಡ್ ಆಫ್ ದ ರಿಂಗ್ಸ್' ಸಿನಿಮಾಗಳಿಗೆ ಕೆಲಸ ಮಾಡಿದ ವೇಟಾ ವರ್ಕ್‌ಶಾಪ್‌ನವರು ಮಾಡಿಕೊಟ್ಟಿದ್ದು. 2004ರಲ್ಲಿ ಊರಿನವರು ಅದನ್ನ ನಿಲ್ಲಿಸಿದರು.

ಯಾಕೆ? ಆ ಜಾಗದಲ್ಲಿ ಹಿಂದೆ ಎಂಬಸಿ ಅನ್ನೋ ಥಿಯೇಟರ್ ಇತ್ತು. ಅಲ್ಲೇ ಒಂದು ಕಟಿಂಗ್ ಶಾಪ್. ಆ ಶಾಪ್‌ನಲ್ಲಿ ಒಬ್ಬ ಹುಡುಗ ಹಗಲೆಲ್ಲಾ ಜನರ ಕೂದಲು ಕತ್ತರಿಸ್ತಿದ್ದ. ರಾತ್ರಿಯಾದರೆ ಥಿಯೇಟರ್ ಒಳಗೆ ಹೋಗಿ ಕೂರ್ತಿದ್ದ. ಒಂದೇ ಟಿಕೆಟ್‌ಗೆ ಎರಡು ಸಿನಿಮಾ. ಎಲ್ಲಾ ಅಗ್ಗದ ಸಿನಿಮಾಗಳೇ. ದೆವ್ವ, ಹುಚ್ಚು ವಿಜ್ಞಾನಿ, ಹಾರುವ ತಟ್ಟೆ, ರಬ್ಬರ್ ರಾಕ್ಷಸ. ದೊಡ್ಡವರು ಮೂಗು ಮುರಿಯುವಂಥ ಸರಕು. ಆ ಹುಡುಗನ ಹೆಸರು ರಿಚರ್ಡ್ ಸ್ಮಿತ್. ಮುಂದೆ ಜಗತ್ತು ಅವನನ್ನ ರಿಚರ್ಡ್ ಓಬ್ರಿಯನ್ ಅಂತ ಕರೆಯಿತು.

ವೀಕ್ಷಕರೇ, ನಾನು ಇವತ್ತು ಹೇಳೋಕೆ ಹೊರಟಿರೋದು ಆ ಕ್ಷೌರದ ಹುಡುಗನ ಕಥೆಯನ್ನ. ಇದರಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಅದು ಕೊನೆಗೆ ಬರುತ್ತೆ.

ರಿಚರ್ಡ್ ಹುಟ್ಟಿದ್ದು 1942ರ ಮಾರ್ಚ್ 25ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. ಅಪ್ಪ ಲೆಕ್ಕಪತ್ರದ ಕೆಲಸದವರು. ಐವತ್ತರ ದಶಕದ ಶುರುವಿನಲ್ಲಿ ಅವರು ಸಂಸಾರ ಸಮೇತ ಹಡಗು ಹತ್ತಿ ನ್ಯೂಜಿಲೆಂಡ್‌ಗೆ ಹೋದರು. ಅಲ್ಲಿ ಕುರಿ ಫಾರ್ಮ್ ಮಾಡಿದರು. ಹುಡುಗ ಅಲ್ಲಿ ಕುದುರೆ ಸವಾರಿ ಕಲಿತ.

ಅದಕ್ಕೂ ಮೊದಲು ಒಂದು ಘಟನೆ ನಡೆದಿತ್ತು. ಇದನ್ನ ಆತ ಎಷ್ಟೋ ದಶಕಗಳ ನಂತರ ಬಾಯಿ ಬಿಟ್ಟು ಹೇಳಿದ್ದು. ಆಗ ಅವನಿಗೆ ಆರೂವರೆ ವರ್ಷ. 'ದೊಡ್ಡವನಾದ ಮೇಲೆ ನಾನು ಕಥೆಯಲ್ಲಿ ಬರೋ ಯಕ್ಷಿಣಿ ರಾಜಕುಮಾರಿ ಆಗ್ತೀನಿ' ಅಂತ ಅಣ್ಣನ ಹತ್ತಿರ ಹೇಳಿಬಿಟ್ಟ. ಅಣ್ಣ ಬೈಯಲಿಲ್ಲ, ಹೊಡೆಯಲಿಲ್ಲ. ಒಂದು ಸಲ ನೋಡಿದ, ಅಷ್ಟೇ. ಆ ನೋಟದಲ್ಲಿ ಎಂಥ ತಿರಸ್ಕಾರ ಇತ್ತು ಅಂದ್ರೆ, ಹುಡುಗ ಮನಸ್ಸಿನ ಶಟರ್ ಎಳೆದುಬಿಟ್ಟ. ಇನ್ನು ಮುಂದೆ ಈ ಮಾತನ್ನ ಯಾರ ಮುಂದೂ ಆಡಬಾರದು ಅಂತ ತೀರ್ಮಾನ ಮಾಡಿಬಿಟ್ಟ. ಈ ಶಟರ್ ನೆನಪಿಟ್ಟುಕೊಳ್ಳಿ.

1964ರಲ್ಲಿ ಆತ ಇಂಗ್ಲೆಂಡಿಗೆ ವಾಪಸ್ ಬಂದ. ನಟ ಆಗಬೇಕು ಅನ್ನೋ ಆಸೆ. ಆದರೆ ಯಾರಿಗೆ ಗೊತ್ತು ಈ ಸ್ಮಿತ್? ಮೊದಲು ಕೈ ಹಿಡಿದಿದ್ದು ನ್ಯೂಜಿಲೆಂಡಿನ ಕುದುರೆ. 'ಕ್ಯಾರಿ ಆನ್ ಕೌಬಾಯ್' ಅನ್ನೋ ಹಾಸ್ಯ ಚಿತ್ರದಲ್ಲಿ ಕುದುರೆ ಮೇಲಿಂದ ಬೀಳೋ ಏಳೋ ಸ್ಟಂಟ್ ಸವಾರನ ಕೆಲಸ. ಅಷ್ಟರಲ್ಲಿ ರಿಚರ್ಡ್ ಸ್ಮಿತ್ ಅನ್ನೋ ಹೆಸರಿನ ಇನ್ನೊಬ್ಬ ನಟ ಆಗಲೇ ಇದ್ದಾನೆ ಅಂತ ಗೊತ್ತಾಯ್ತು. ಸರಿ, ಅಜ್ಜಿಯ ತವರಿನ ಹೆಸರು ತಗೊಂಡ. ಓಬ್ರಿಯನ್ ಆದ.

ಎಪ್ಪತ್ತರ ದಶಕದ ಶುರುವಿನಲ್ಲಿ 'ಹೇರ್' ಅನ್ನೋ ಸಂಗೀತ ನಾಟಕದ ತಂಡ ಸೇರಿದ. ಆಮೇಲೆ 'ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್'. ಅದನ್ನ ನಿರ್ದೇಶಿಸಿದ್ದು ಆಸ್ಟ್ರೇಲಿಯಾದ ಜಿಮ್ ಶರ್ಮನ್. ಈ ನಾಟಕದಲ್ಲಿ ಓಬ್ರಿಯನ್‌ಗೆ ಹೆರೋದ ರಾಜನ ಪಾತ್ರ ಸಿಕ್ಕಿತು. ಜೀವನ ಬದಲಾಯಿಸಬಹುದಾಗಿದ್ದ ಪಾತ್ರ. ಆದರೆ ನಿರ್ಮಾಪಕರಿಗೆ ಆತ ಮಾಡಿದ ರೀತಿ ಹಿಡಿಸಲಿಲ್ಲ. ಒಂದೇ ಒಂದು ಪ್ರದರ್ಶನ, ಪಾತ್ರ ಕೈತಪ್ಪಿ ಹೋಯ್ತು.

ಹೊರಗೆ ಲಂಡನ್ ಚಳಿಗಾಲ, ಕೈಯಲ್ಲಿ ಕೆಲಸ ಇಲ್ಲ, ಮನೆಯಲ್ಲಿ ಪುಟ್ಟ ಮಗು. ಇಂಥ ಹೊತ್ತಿನಲ್ಲಿ ನಮ್ಮಲ್ಲಾದರೆ ನೆಂಟರು ಸಾಲಾಗಿ ಬಂದು 'ಈ ನಾಟಕ ಗೀಟಕ ಬಿಟ್ಟು ಒಂದು ಕೆಲಸ ನೋಡ್ಕೋಪ್ಪಾ' ಅಂತಾರೆ. ಇಂಜಿನಿಯರಿಂಗ್ ಮುಗಿಸಿ ಮೈಕ್ ಹಿಡಿಯೋಕೆ ಹೊರಟ ನನಗೂ ಅಂದಿದ್ದರು. ಓಬ್ರಿಯನ್ ಮಾತ್ರ ಸಂಜೆ ಕಳೆಯೋಕೆ ಅಂತ ಗಿಟಾರ್ ಹಿಡಿದು ಕೂತ. ಎಂಬಸಿ ಥಿಯೇಟರ್‌ನಲ್ಲಿ ನೋಡಿದ ಆ ಅಗ್ಗದ ಸಿನಿಮಾಗಳೆಲ್ಲಾ ನೆನಪಾದವು. ಅವುಗಳಿಗೆ ರಾಕ್ ಅಂಡ್ ರೋಲ್ ಬೆರೆಸಿದ. ಜೊತೆಗೆ ಆರೂವರೆ ವರ್ಷಕ್ಕೆ ಶಟರ್ ಎಳೆದಿದ್ದ ಆ ಮಾತನ್ನೂ ಬೆರೆಸಿದ.

ಕಥೆ ಏನು? ಮಳೆ ಸುರಿಯೋ ರಾತ್ರಿ. ಬ್ರಾಡ್ ಮತ್ತು ಜಾನೆಟ್, ಮದುವೆ ನಿಶ್ಚಯವಾದ ಮರ್ಯಾದಸ್ಥ ಜೋಡಿ. ಕಾರು ಪಂಕ್ಚರ್. ದೂರದಲ್ಲೊಂದು ಬಂಗಲೆಯ ದೀಪ. ಫೋನ್ ಮಾಡೋಣ ಅಂತ ಹೋಗಿ ಬಾಗಿಲು ತಟ್ಟಿದರೆ, ತೆಗೆಯೋದು ಗೂನು ಬೆನ್ನಿನ ಬಟ್ಲರ್ ರಿಫ್ ರಾಫ್. ಇಲ್ಲಿಯವರೆಗೆ ನಾವು ನೂರು ಸಲ ನೋಡಿದ ಹಾರರ್ ಸಿನಿಮಾನೇ. ಆದರೆ ಒಳಗಿರೋ ಯಜಮಾನ ದೆವ್ವ ಅಲ್ಲ. ಬೇರೆ ಗ್ಯಾಲಕ್ಸಿಯಿಂದ ಬಂದ ವಿಜ್ಞಾನಿ ಫ್ರಾಂಕ್-ಎನ್-ಫರ್ಟರ್. ಗಂಡಸೂ ಹೌದು, ಹೆಂಗಸಿನ ಉಡುಪೂ ಹೌದು. ಹೈ ಹೀಲ್ಸ್, ಕಾರ್ಸೆಟ್, ತುಟಿಗೆ ಲಿಪ್‌ಸ್ಟಿಕ್. ಆತ ಲ್ಯಾಬ್‌ನಲ್ಲಿ ತನಗೋಸ್ಕರ ರಾಕಿ ಅನ್ನೋ ಸುಂದರಾಂಗನನ್ನ ತಯಾರು ಮಾಡ್ತಿದ್ದಾನೆ. ಆ ಒಂದು ರಾತ್ರಿಯಲ್ಲಿ ಮರ್ಯಾದಸ್ಥ ಜೋಡಿಯ ಮರ್ಯಾದೆ ಅನ್ನೋ ಕೋಟೆ ಕುಸಿದು ಬೀಳುತ್ತೆ. ಆ ಕೋಟೆ ಕೆಡವೋಕೆ ಫ್ರಾಂಕ್ ಬಳಸೋ ದಾರಿ ಮೋಸದ್ದೇ, ಇವತ್ತಿನ ಕಣ್ಣಿಗೆ ಅದು ಸರಿ ಕಾಣೋದಿಲ್ಲ. ನಾಟಕವೂ ಅವನನ್ನ ಸುಮ್ಮನೆ ಬಿಡೋದಿಲ್ಲ. ಕೊನೆಗೆ ಅವನದೇ ಬಟ್ಲರ್ ಅವನನ್ನ ಕೊಲ್ಲುತ್ತಾನೆ.

ಓಬ್ರಿಯನ್ ಹಾಡುಗಳನ್ನ ಶರ್ಮನ್‌ಗೆ ಕೇಳಿಸಿದ. ಅದಕ್ಕೆ 'ದ ರಾಕಿ ಹಾರರ್ ಶೋ' ಅನ್ನೋ ಹೆಸರು ಬಂತು. 1973ರ ಜೂನ್ 19, ಲಂಡನ್‌ನ ರಾಯಲ್ ಕೋರ್ಟ್ ಥಿಯೇಟರ್. ದೊಡ್ಡ ರಂಗಮಂದಿರ ಅಲ್ಲ, ಅದರ ಮಹಡಿ ಮೇಲಿನ ಪುಟ್ಟ ಹಾಲ್. ಎಷ್ಟು ಸೀಟು ಗೊತ್ತಾ? 63! ನಮ್ಮ ಒಂದು ಸರ್ಕಾರಿ ಬಸ್ಸಿಗೆ ಹಬ್ಬದ ದಿನ ಇದಕ್ಕಿಂತ ಜಾಸ್ತಿ ಜನ ಹತ್ತುತ್ತಾರೆ. ಫ್ರಾಂಕ್ ಆಗಿ ಟಿಮ್ ಕರಿ. ಬಟ್ಲರ್ ರಿಫ್ ರಾಫ್ ಆಗಿ ಸ್ವತಃ ಓಬ್ರಿಯನ್. ನಾಟಕ ಬರೆದವನು, ಹಾಡು ಕಟ್ಟಿದವನು ತನಗೆ ಅಂತ ಇಟ್ಟುಕೊಂಡಿದ್ದು ಬಾಗಿಲು ತೆಗೆಯೋ ಆಳಿನ ಪಾತ್ರ. ಇದು ನನಗೆ ತುಂಬಾ ಇಷ್ಟವಾಗುತ್ತೆ.

ಆ 63 ಸೀಟುಗಳಿಗೆ ನೂಕುನುಗ್ಗಲು. ಎರಡು ತಿಂಗಳಲ್ಲಿ ಚೆಲ್ಸಿಯಾದ ಒಂದು ಸಿನಿಮಾ ಟಾಕೀಸಿಗೆ ನಾಟಕ ಸ್ಥಳಾಂತರವಾಯ್ತು. ಆ ವರ್ಷದ ಅತ್ಯುತ್ತಮ ಸಂಗೀತ ನಾಟಕ ಅಂತ ಈವ್ನಿಂಗ್ ಸ್ಟ್ಯಾಂಡರ್ಡ್ ಪ್ರಶಸ್ತಿಯೂ ಬಂತು. 1980ರಲ್ಲಿ ಲಂಡನ್‌ನಲ್ಲಿ ಕೊನೆಯ ಪರದೆ ಬೀಳೋ ಹೊತ್ತಿಗೆ 2,960 ಪ್ರದರ್ಶನಗಳು ಆಗಿದ್ದವು.

ಇಲ್ಲಿಗೆ ಮುಗಿದಿದ್ದರೆ ಇದು ಮಾಮೂಲಿ ಯಶಸ್ಸಿನ ಕಥೆ ಆಗ್ತಿತ್ತು. ಆದರೆ ಅಮೆರಿಕದಲ್ಲಿ ಏನಾಯ್ತು ನೋಡಿ.

1974ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಾಟಕ ಗೆದ್ದಿತು. ಆ ಧೈರ್ಯದ ಮೇಲೆ ಸಿನಿಮಾ ಶುರುವಾಯ್ತು. ಇಂಗ್ಲೆಂಡಿನ ಓಕ್ಲಿ ಕೋರ್ಟ್ ಅನ್ನೋ ಹಳೇ ಬಂಗಲೆಯಲ್ಲಿ ಶೂಟಿಂಗ್. ಸೋರುವ ಛಾವಣಿ, ಬೆಚ್ಚಗಿಡೋ ವ್ಯವಸ್ಥೆ ಇಲ್ಲ. ಜಾನೆಟ್ ಪಾತ್ರ ಮಾಡಿದ ಸೂಸನ್ ಸರಂಡನ್‌ಗೆ ನ್ಯುಮೋನಿಯಾ ಬಂತು. ಈ ಸಿನಿಮಾ ಶುರುವಾಗೋದು ಕಪ್ಪು ಪರದೆಯ ಮೇಲೆ ಬರೀ ಎರಡು ಕೆಂಪು ತುಟಿಗಳಿಂದ. ತುಟಿ ನಟಿ ಪೆಟ್ರೀಷಿಯಾ ಕ್ವಿನ್ ಅವರದ್ದು, ಹಾಡೋ ದನಿ ಓಬ್ರಿಯನ್‌ದು. ಒಂದು ಕ್ಷಣ ಯೋಚಿಸಿ. ಯಕ್ಷಿಣಿ ರಾಜಕುಮಾರಿ ಆಗಬೇಕು ಅಂದಿದ್ದ ಹುಡುಗನ ದನಿ ಮೂವತ್ತು ದಾಟಿದ ಮೇಲೆ ಒಬ್ಬ ಹೆಣ್ಣಿನ ತುಟಿಯಿಂದ ಜಗತ್ತಿಗೆಲ್ಲಾ ಕೇಳಿಸಿತು.

ಆದರೆ ಕೇಳಿಸಿಕೊಳ್ಳೋಕೆ ಜನ ಬರಬೇಕಲ್ಲ! 1975ರ ಮಾರ್ಚ್‌ನಲ್ಲಿ ನಾಟಕ ನ್ಯೂಯಾರ್ಕ್‌ನ ಬ್ರಾಡ್‌ವೇಗೆ ಹೋಯ್ತು. 45 ಪ್ರದರ್ಶನಕ್ಕೆ ಅಂಗಡಿ ಬಾಗಿಲು ಮುಚ್ಚಿತು. ಅದೇ ವರ್ಷ 'ದ ರಾಕಿ ಹಾರರ್ ಪಿಕ್ಚರ್ ಶೋ' ಸಿನಿಮಾ ಬಿಡುಗಡೆ. ಥಿಯೇಟರ್‌ಗಳು ಖಾಲಿ. ಎರಡೂ ಕಡೆ ಬಂದ ತೀರ್ಪು ಒಂದೇ: ಫ್ಲಾಪ್.

ಈ ಪದ ನನಗೆ ಚೆನ್ನಾಗಿ ಗೊತ್ತು. ನಾನೂ ಶುಕ್ರವಾರ ಮಧ್ಯಾಹ್ನದ ಬುಲೆಟಿನ್‌ನಲ್ಲಿ ಎಷ್ಟೋ ಸಿನಿಮಾಗಳ ಹಣೆಬರಹ ಓದಿದ್ದೀನಿ. ಬೆಳಗಿನ ಶೋ ಮುಗಿಯೋ ಮುಂಚೆ 'ಪ್ರೇಕ್ಷಕನಿಗೆ ನಿರಾಸೆ' ಅಂತ ಪಟ್ಟಿ ಓಡಿಸಿದ್ದೀವಿ. ಪ್ರತಿ ಗುರುವಾರ ನಮ್ಮ ಟಿಆರ್‌ಪಿ ಬರುತ್ತೆ. ಅದರಲ್ಲಿ ನಮ್ಮ ಹಣೆಬರಹವನ್ನ ಬೇರೆಯವರು ಓದುತ್ತಾರೆ!

ಲಾಸ್ ಏಂಜಲೀಸ್‌ನ ಒಂದು ಥಿಯೇಟರ್‌ನಲ್ಲಿ ಮಾತ್ರ ಒಂದು ವಿಚಿತ್ರ ನಡೀತಿತ್ತು. ಸೀಟುಗಳು ತುಂಬ್ತಿದ್ದವು, ಆದರೆ ಬರ್ತಿದ್ದಿದ್ದು ನೋಡಿದವರೇ ಮತ್ತೆ ಮತ್ತೆ. ಇದನ್ನ ಗಮನಿಸಿದ ಸ್ಟುಡಿಯೋ ಮಂದಿ ಒಂದು ಪ್ರಯೋಗ ಮಾಡಿದರು. 1976ರ ಏಪ್ರಿಲ್ 1, ನ್ಯೂಯಾರ್ಕ್‌ನ ವೇವರ್ಲಿ ಥಿಯೇಟರ್. ಮಧ್ಯರಾತ್ರಿ ಶೋ. ಮೂರ್ಖರ ದಿನದಂದು!

ಮಧ್ಯರಾತ್ರಿ ಸಿನಿಮಾಕ್ಕೆ ಯಾರು ಬರ್ತಾರೆ? ಮನೆಯಲ್ಲಿ ನಿದ್ದೆ ಬಾರದವರು, ಹಗಲಿನ ಜಗತ್ತಿನಲ್ಲಿ ಜಾಗ ಸಿಗದವರು. ಶಾಲೆಯಲ್ಲಿ 'ಹೆಣ್ಣಿಗ' ಅಂತ ಅನ್ನಿಸಿಕೊಂಡ ಹುಡುಗರು, ದಪ್ಪ ಅಂತ ಅನ್ನಿಸಿಕೊಂಡ ಹುಡುಗಿಯರು. ತಾನು ಪ್ರೀತಿಸೋದು ಯಾರನ್ನ ಅಂತ ಅಪ್ಪ ಅಮ್ಮನಿಗೆ ಹೇಳಲಾಗದವರು. ಅವರು ಬಂದರು, ಮರುವಾರ ಮತ್ತೆ ಬಂದರು. ಮಾತು ಬಾಯಿಪಾಠ ಆಯ್ತು. ಪರದೆ ಮೇಲಿನ ಡೈಲಾಗ್‌ಗೆ ಸೀಟಿನಿಂದಲೇ ಉತ್ತರ ಕೊಡೋಕೆ ಶುರು ಮಾಡಿದರು. ಪರದೆಯಲ್ಲಿ ಮದುವೆ ಆದರೆ ಇವರು ಅಕ್ಕಿ ಎರಚಿದರು. ಅಲ್ಲಿ ಮಳೆ ಬಂದರೆ ಇಲ್ಲಿ ವಾಟರ್ ಪಿಸ್ತೂಲಿನಿಂದ ನೀರು ಹಾರಿತು. ಜಾನೆಟ್ ಪೇಪರ್ ತಲೆಗೆ ಹಿಡಿದರೆ ಇಡೀ ಥಿಯೇಟರ್ ಪೇಪರ್ ತಲೆಗೆ ಹಿಡಿಯಿತು. ಆಮೇಲೆ ಪಾತ್ರಗಳ ಥರವೇ ಬಟ್ಟೆ ಹಾಕಿಕೊಂಡು ಬಂದರು. ಪರದೆಯ ಕೆಳಗೆ ನಿಂತು ಇಡೀ ಸಿನಿಮಾವನ್ನ ತಾವೇ ಅಭಿನಯಿಸಿದರು. ನಮ್ಮ ಕಂಪನಿ ನಾಟಕಗಳಲ್ಲಿ ಪ್ರೇಕ್ಷಕ 'ವನ್ಸ್ ಮೋರ್' ಅಂತ ಕೂಗಿದರೆ ನಟ ಹಾಡನ್ನ ಮತ್ತೆ ಹಾಡ್ತಿದ್ದ. ಇಲ್ಲಿ ಸಿನಿಮಾ ರೀಲು ತನ್ನ ಪಾಡಿಗೆ ತಾನು ಓಡ್ತಿತ್ತು. ಬದಲಾಗ್ತಾ ಹೋಗಿದ್ದು ನೋಡುವವರು.

ಇಂಜಿನಿಯರಿಂಗ್‌ನಲ್ಲಿ ನಮಗೆ ಆಸಿಲೇಟರ್ ಅಂತ ಒಂದು ಪಾಠ ಇತ್ತು. ಬ್ಯಾಕ್ ಉಳಿಸಿಕೊಂಡ ವಿಷಯ ಆದ್ದರಿಂದ ಎರಡು ಸಲ ಓದಿದ್ದೀನಿ, ಮರೆತಿಲ್ಲ! ಆಸಿಲೇಟರ್‌ಗೆ ಹೊರಗಿನಿಂದ ಸಿಗ್ನಲ್ ಬೇಕಾಗಿಲ್ಲ. ಪವರ್ ಕೊಟ್ಟರೆ ಸಾಕು. ಸರ್ಕ್ಯೂಟ್‌ನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನಾಯ್ಸ್ ಇರುತ್ತೆ. ಔಟ್‌ಪುಟ್‌ನ ಒಂದು ಪಾಲನ್ನ ಸರಿಯಾಗಿ ಮತ್ತೆ ಇನ್‌ಪುಟ್‌ಗೆ ಕೊಡ್ತಾ ಹೋದರೆ ಆ ನಾಯ್ಸೇ ಬೆಳೆದು ಗಟ್ಟಿ ಸಿಗ್ನಲ್ ಆಗುತ್ತೆ. ಮಿಕ್ಕ ಕಡೆಯೆಲ್ಲಾ ಅದನ್ನ ಕಸ ಅಂತ ಸೋಸಿ ಎಸೀತೀವಿ. ವೇವರ್ಲಿಯ ಮಧ್ಯರಾತ್ರಿ ನಡೆದಿದ್ದು ಇದೇ. ಹಗಲಿನ ಲೆಕ್ಕದಲ್ಲಿ ನಾಯ್ಸ್ ಅನ್ನಿಸಿಕೊಂಡವರು ಒಂದು ಕತ್ತಲೆ ಹಾಲ್‌ನಲ್ಲಿ ಒಬ್ಬರ ದನಿ ಒಬ್ಬರು ಕೇಳಿಸಿಕೊಂಡರು.

ಆಮೇಲೆ ಅದು ನಿಲ್ಲಲೇ ಇಲ್ಲ. ಜರ್ಮನಿಯ ಮ್ಯೂನಿಕ್‌ನಲ್ಲಿ ಒಂದು ಥಿಯೇಟರ್ 1977ರಿಂದ ಇದನ್ನ ತೋರಿಸಿಕೊಂಡು ಬಂದಿದೆ. 2005ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ರಾಷ್ಟ್ರ ಕಾಪಾಡಿಕೊಳ್ಳಬೇಕಾದ ಚಿತ್ರಗಳ ಪಟ್ಟಿಗೆ ಇದನ್ನ ಸೇರಿಸಿತು. 2025ಕ್ಕೆ ಸಿನಿಮಾಕ್ಕೆ ಐವತ್ತು ತುಂಬಿತು. ಮೊದಲ ವಾರವೇ ಸತ್ತಿದೆ ಅಂತ ಬರೆದಿದ್ದ ಸಿನಿಮಾ!

ಹಾಗಾದರೆ ಓಬ್ರಿಯನ್ ದೊಡ್ಡ ಸ್ಟಾರ್ ಆದನಾ? ಇಲ್ಲ. ಆ ಗೆಲುವನ್ನ ಆತ ಮತ್ತೆ ಕಾಣಲಿಲ್ಲ. 1981ರಲ್ಲಿ ಶರ್ಮನ್ ಜೊತೆ ಸೇರಿ 'ಶಾಕ್ ಟ್ರೀಟ್‌ಮೆಂಟ್' ಅನ್ನೋ ಸಿನಿಮಾ ಮಾಡಿದ. ಅದೇ ಬ್ರಾಡ್, ಅದೇ ಜಾನೆಟ್. ಆದರೆ ಈ ಸಲ ಅವರ ಇಡೀ ಊರೇ ಒಂದು ಟಿ.ವಿ. ಸ್ಟುಡಿಯೋ. ಊರಿನ ಜನ ಪ್ರೇಕ್ಷಕರ ಸೀಟಿನಲ್ಲೇ ಬದುಕ್ತಾರೆ. ಗಂಡ ಹೆಂಡತಿ ಜಗಳ ಒಂದು ಶೋ. ಹುಚ್ಚಾಸ್ಪತ್ರೆಯೂ ಒಂದು ಶೋ, ಅಲ್ಲಿನ ಡಾಕ್ಟರ್‌ಗಳು ನಿಜವಾದ ಡಾಕ್ಟರ್‌ಗಳಲ್ಲ, ನಟರು. ಎಲ್ಲದರ ಹಿಂದೆ ಒಬ್ಬ ಫಾಸ್ಟ್‌ಫುಡ್ ಸ್ಪಾನ್ಸರ್. ಇದನ್ನ ಹೇಳಿದ್ದು 1981ರಲ್ಲಿ! ಬಿಗ್ ಬಾಸ್ ಇಲ್ಲ, ರಿಯಾಲಿಟಿ ಶೋಗಳ ಸುಗ್ಗಿ ಇಲ್ಲ, ನಮ್ಮಂಥ ಇಪ್ಪತ್ನಾಲ್ಕು ಗಂಟೆಯ ಕನ್ನಡ ಚಾನೆಲ್‌ಗಳೂ ಇಲ್ಲ. ಆ ಸಿನಿಮಾ ನೆಲಕಚ್ಚಿತು. ನಾನು ಅದನ್ನ ನೋಡಿದಾಗ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಅಷ್ಟು ಹತ್ತಿರದಿಂದ ನಮ್ಮ ಸ್ಟುಡಿಯೋವನ್ನ ಬೇರೆ ಯಾರೂ ತೋರಿಸಿರಲಿಲ್ಲ.

ಮುಂದೆ ಓಬ್ರಿಯನ್ ತಾನೇ ಟಿ.ವಿ.ಗೆ ಬಂದ. 1990ರಲ್ಲಿ ಬ್ರಿಟನ್ನಿನ ಚಾನೆಲ್ ಫೋರ್‌ನಲ್ಲಿ 'ದ ಕ್ರಿಸ್ಟಲ್ ಮೇಜ್' ಶುರುವಾಯ್ತು. ಸ್ಪರ್ಧಿಗಳು ಒಂದೊಂದು ಕೋಣೆಗೆ ನುಗ್ಗಿ ಒಗಟು ಬಿಡಿಸಿ ಸ್ಫಟಿಕ ತರಬೇಕು. ಒಂದು ಸ್ಫಟಿಕಕ್ಕೆ ಕೊನೆಯ ಆಟದಲ್ಲಿ ಐದು ಸೆಕೆಂಡ್ ಸಮಯ. ಬೋಳು ತಲೆಯ ಆ್ಯಂಕರ್ ಓಬ್ರಿಯನ್ ಚಿರತೆ ಚುಕ್ಕಿಯ ಕೋಟು ಹಾಕಿಕೊಂಡು, ಸ್ಪರ್ಧಿ ಒಳಗೆ ಒದ್ದಾಡ್ತಿದ್ದರೆ ಹೊರಗೆ ಮೌತ್ ಆರ್ಗನ್ ಊದ್ತಿದ್ದ. ನಡುನಡುವೆ ಕ್ಯಾಮೆರಾ ಕಡೆ ತಿರುಗಿ ನಿಮ್ಮನ್ನೇ ನೋಡಿದ ಹಾಗೆ ಒಂದು ತುಂಟ ನೋಟ. ನಾಲ್ಕು ವರ್ಷ ಆತ ಅದನ್ನ ನಡೆಸಿದ. ನನ್ನ ವೃತ್ತಿಯವನೇ ಆದ ಅನ್ನಿ!

ಆರೂವರೆ ವರ್ಷಕ್ಕೆ ಎಳೆದ ಶಟರ್ ಪೂರ್ತಿ ತೆಗೆಯೋಕೆ ಮಾತ್ರ ಅರುವತ್ತು ದಾಟಬೇಕಾಯ್ತು. 2009ರ ಸುಮಾರಿಗೆ ಆತ ಇದರ ಬಗ್ಗೆ ಬಹಿರಂಗವಾಗಿ ಮಾತಾಡಿದ. 2013ರಲ್ಲಿ ಬಿಬಿಸಿಗೆ ಹೇಳಿದ್ದು, ತಾನು ಶೇಕಡ 70ರಷ್ಟು ಗಂಡು, 30ರಷ್ಟು ಹೆಣ್ಣು ಅಂತ. ಹತ್ತು ವರ್ಷಗಳಿಂದ ಹಾರ್ಮೋನ್ ತಗೊಳ್ತಿದ್ದ ವಿಷಯವನ್ನೂ ಹೇಳಿದ. ಎಪ್ಪತ್ತು ದಾಟಿದ ಮನುಷ್ಯ!

ಹಾಗಂತ ಈತನನ್ನ ದೇವರ ಪೀಠಕ್ಕೆ ಏರಿಸೋ ಉದ್ದೇಶ ನನಗಿಲ್ಲ. 2016ರ ಒಂದು ಸಂದರ್ಶನದಲ್ಲಿ ಟ್ರಾನ್ಸ್ ಮಹಿಳೆಯರು ಮಹಿಳೆಯರಾಗಲಾರರು ಅನ್ನೋ ಅರ್ಥದ ಮಾತಾಡಿದ. ಅವನ ಸಿನಿಮಾದಲ್ಲಿ ಆಸರೆ ಕಂಡುಕೊಂಡಿದ್ದ ಎಷ್ಟೋ ಜನರಿಗೆ ಆ ಮಾತು ನೋವು ಕೊಟ್ಟಿತು. ನೋವು ಕೊಟ್ಟಿದ್ದು ನ್ಯಾಯವೇ. ಬಾಗಿಲು ತೆಗೆದವನೇ ಹೊಸ್ತಿಲಲ್ಲಿ ನಿಂತು 'ನೀನು ಇಷ್ಟು ದೂರ ಬರಬಹುದು' ಅಂದ ಹಾಗಾಯ್ತು. ಆದರೆ ಅಷ್ಟು ಹೊತ್ತಿಗೆ ಆ ಮನೆ ಅವನ ಕೈಯಲ್ಲಿರಲಿಲ್ಲ. ಒಳಗೆ ಬಂದವರದ್ದಾಗಿತ್ತು. ಅವರು ಸಿನಿಮಾವನ್ನ ಬಿಡಲಿಲ್ಲ.

ಪ್ರತಿಮೆಯ ವಿಷಯಕ್ಕೆ ವಾಪಸ್ ಬರೋಣ. ಅದು ನಿಂತಿದ್ದು 2004ರಲ್ಲಿ. ವಯಸ್ಸಾದ ಮೇಲೆ ಆತ ನ್ಯೂಜಿಲೆಂಡ್‌ನಲ್ಲೇ ನೆಲೆಸಬೇಕು ಅಂತ ಅರ್ಜಿ ಹಾಕಿದ. 2010ರಲ್ಲಿ ಉತ್ತರ ಬಂತು. ನಿಮಗೆ ವಯಸ್ಸಾಗಿದೆ, ನಿಯಮದಲ್ಲಿ ಅವಕಾಶ ಇಲ್ಲ! ಕಲ್ಪಿಸಿಕೊಳ್ಳಿ. ಪ್ರತಿಮೆಗೆ ಊರಲ್ಲಿ ಜಾಗ ಇದೆ, ಮನುಷ್ಯನಿಗಿಲ್ಲ. ಸುದ್ದಿ ಗದ್ದಲ ಎಬ್ಬಿಸಿತು, ತೀರ್ಮಾನ ಬದಲಾಯ್ತು. 2011ರ ಡಿಸೆಂಬರ್‌ನಲ್ಲಿ ಓಬ್ರಿಯನ್ ನ್ಯೂಜಿಲೆಂಡ್ ಪ್ರಜೆ ಆದ.

ಅಣ್ಣನ ನೋಟ, ನಿರ್ಮಾಪಕರ ತೀರ್ಪು, ಬ್ರಾಡ್‌ವೇ ತೀರ್ಪು, ವಲಸೆ ಇಲಾಖೆಯ ತೀರ್ಪು. ಈ ಸಾಲಿಗೆ ನನ್ನದೊಂದು ತೀರ್ಪನ್ನೂ ಸೇರಿಸಬೇಕು.

ನಾನು ಈ ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ಯಾವುದೋ ಕಾಲೇಜಿನ ಕಾರ್ಯಕ್ರಮದಲ್ಲಿ ಹುಡುಗನೊಬ್ಬ ಸೀರೆ ಉಟ್ಟು ಕುಣಿದ ವಿಡಿಯೋ ವೈರಲ್ ಆಗಿತ್ತು. ನಾವು ಎರಡು ನಿಮಿಷದ ಪ್ಯಾಕೇಜ್ ಮಾಡಿದೆವು. ಹಿಂದೆ ಕಾಮಿಡಿ ಮ್ಯೂಸಿಕ್. ಕೊನೆಗೆ ಕ್ಯಾಮೆರಾ ನನ್ನ ಮೇಲೆ ಬಂದಾಗ ನಾನು ಹುಬ್ಬು ಹಾರಿಸಿ ನಕ್ಕೆ. ಆ ನಗು ಸ್ಕ್ರಿಪ್ಟ್‌ನಲ್ಲಿರಲಿಲ್ಲ. ನಾನೇ ಸೇರಿಸಿದ್ದು. ಡೆಸ್ಕ್‌ನಲ್ಲಿ ಎಲ್ಲರೂ ಭೇಷ್ ಅಂದರು.

ಅರ್ಧ ಗಂಟೆಗೆ ಆಫೀಸಿಗೆ ಒಂದು ಫೋನ್ ಬಂತು. ಒಬ್ಬ ತಾಯಿ. ಹೆಸರು, ಊರು ಹೇಳಲಿಲ್ಲ. ನಾನು ಅಂದುಕೊಂಡೆ, ಆ ಹುಡುಗನ ಅಮ್ಮ ಇರಬೇಕು, ಬೈತಾರೆ ಅಂತ. 'ಆ ಹುಡುಗ ನನ್ನ ಮಗ ಅಲ್ಲ ಸಾರ್' ಅಂದರು. 'ನನ್ನ ಮಗ ನನ್ನ ಪಕ್ಕ ಕೂತು ಟಿ.ವಿ. ನೋಡ್ತಿದ್ದ. ಹುಡುಗ ಕುಣಿಯೋದನ್ನ ಖುಷಿಯಾಗಿ ನೋಡ್ತಿದ್ದ. ನೀವು ನಕ್ಕಿರಿ ನೋಡಿ, ಎದ್ದು ಒಳಗೆ ಹೋಗಿ ಬಾಗಿಲು ಹಾಕ್ಕೊಂಡ.' ಅಷ್ಟೇ. ಫೋನ್ ಇಟ್ಟುಬಿಟ್ಟರು.

ಓಬ್ರಿಯನ್‌ನ ಅಣ್ಣನಿಗೆ ಕ್ಯಾಮೆರಾ ಇರಲಿಲ್ಲ. ಅವನ ನೋಟ ಬಿದ್ದಿದ್ದು ಒಬ್ಬನ ಮೇಲೆ. ನನ್ನ ನೋಟ ಅವತ್ತು ಎಷ್ಟು ಮನೆಗಳಿಗೆ ಹೋಯ್ತು, ಎಷ್ಟು ಶಟರ್ ಎಳೆಸಿತು, ಯಾವ ಗುರುವಾರದ ಟಿಆರ್‌ಪಿಯಲ್ಲೂ ಅದು ಬರೋದಿಲ್ಲ. ಆಮೇಲೆ ಅಂಥ ಸುದ್ದಿ ಬಂದಾಗಲೆಲ್ಲಾ ಕಾಮಿಡಿ ಮ್ಯೂಸಿಕ್ ತೆಗೆಸಿದ್ದೀನಿ. ಒಮ್ಮೊಮ್ಮೆ ಜಗಳ ಮಾಡಿ ತೆಗೆಸಿದ್ದೀನಿ. ಒಂದೆರಡು ಸಲ ಸೋತಿದ್ದೀನಿ ಕೂಡ. ಆ ತಾಯಿ ಮತ್ತೆ ಫೋನ್ ಮಾಡಲಿಲ್ಲ.

ಕೊನೆಗೊಂದು ಮಾತು. ಕೆಲಸ ಇಲ್ಲದ ಆ ಲಂಡನ್ ಚಳಿಗಾಲದಲ್ಲಿ ಓಬ್ರಿಯನ್ ಮನೆಯಲ್ಲಿ ಒಂದು ಪುಟ್ಟ ಮಗು ಇತ್ತು ಅಂದೆನಲ್ಲ? ಅವನ ಹೆಸರು ಲೈನಸ್. ಈಗ ಅವನು ಐವತ್ತು ದಾಟಿದ್ದಾನೆ. ಅಪ್ಪನ ನಾಟಕ, ಸಿನಿಮಾ ಮತ್ತು ಅದನ್ನ ಉಳಿಸಿಕೊಂಡ ಜನರ ಕುರಿತು 'ಸ್ಟ್ರೇಂಜ್ ಜರ್ನಿ' ಅನ್ನೋ ಸಾಕ್ಷ್ಯಚಿತ್ರ ಮಾಡಿ 2025ರಲ್ಲಿ ಬಿಡುಗಡೆ ಮಾಡಿದ. ಅಣ್ಣ ಒಂದು ನೋಟದಲ್ಲಿ ಮುಚ್ಚಿಸಿದ ಬಾಯಿಯ ಕಥೆಯನ್ನ ಮಗ ಕ್ಯಾಮೆರಾ ಹಿಡಿದು ಕೇಳಿದ.

ನಿಮ್ಮ ಮನೆಯಲ್ಲೂ ಯಾರೋ ಏನೋ ಹೇಳೋಕೆ ಬಾಯಿ ತೆಗೆದಿರಬಹುದು. ಟಿ.ವಿ. ಸೌಂಡ್ ಸ್ವಲ್ಪ ಕಮ್ಮಿ ಮಾಡಿ. ನನ್ನನ್ನ ನಾಳೆ ನೋಡಿದರಾಯ್ತು. ನಮಸ್ಕಾರ.